ನಗೆಪತ್ರಿಕೆ ನಡೆಸುವ ವಿಧಾನ: ಹಾರ್ವರ್ಡ್ ಮಾದರಿಯ ಬಳಕೆದಾರರ ಕೈಪಿಡಿ

ಉಪಯೋಗಿಸುವ ಮುನ್ನ ಪೂರ್ತಿ ಓದಿಕೊಳ್ಳಿ. ಓದಿದ ಮೇಲೆ ಪ್ರಾಂಶುಪಾಲರ ಕೈಗೆ ಎಟುಕದ ಜಾಗದಲ್ಲಿಡಿ.

ಕಾಲೇಜು ನಗೆಪತ್ರಿಕೆ ಎಂಬ ಉಪಕರಣ ಮಾರುಕಟ್ಟೆಯಲ್ಲಿ ಹಲವು ಬಗೆಯಲ್ಲಿ ಸಿಗುತ್ತದೆ. ಈ ಕೈಪಿಡಿ ‘ಹಾರ್ವರ್ಡ್ ಲ್ಯಾಂಪೂನ್’ ಮಾದರಿಗೆ ಮಾತ್ರ ಅನ್ವಯಿಸುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಊರಿನಲ್ಲಿ 1876ರಲ್ಲಿ ಚಾಲೂ ಆದದ್ದು ಇನ್ನೂ ಓಡುತ್ತಿದೆ. ಇದಕ್ಕಿಂತ ಹಳೆಯದೇ ಬೇಕೆಂದು ಹಟ ಹಿಡಿಯುವವರು ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿ 1872ರ ‘ಯೇಲ್ ರೆಕಾರ್ಡ್’ ವಿಚಾರಿಸಬಹುದು. ಅದರ ಜೊತೆ ಕೋಟೆ ಬರುವುದಿಲ್ಲ. ಕೋಟೆಯಿಲ್ಲದ ಮಾದರಿಯನ್ನು ನಾವು ಶಿಫಾರಸು ಮಾಡುವುದಿಲ್ಲ.

ಒಂದು ಮಾತು ಈಗಲೇ ಸ್ಪಷ್ಟವಾಗಿರಲಿ, ಆಮೇಲೆ ಅಂಗಡಿಗೆ ಬಂದು ಜಗಳ ತೆಗೆಯಬೇಡಿ. ಈ ಉಪಕರಣದಿಂದ ನಗೆ ಉತ್ಪತ್ತಿಯಾಗುತ್ತದೆ ಎಂದು ತಯಾರಕರು ಎಲ್ಲೂ ಭರವಸೆ ಕೊಟ್ಟಿಲ್ಲ. ಕೋಟೆ, ಹಕ್ಕಿ, ಶತ್ರು, ಎಲ್ಲಿಂದಲೋ ಬರುವ ದುಡ್ಡು ಇವು ನಾಲ್ಕು ಮುಖ್ಯ ಭಾಗಗಳು. ಪತ್ರಿಕೆ ಎಂಬುದು ಜೊತೆಗೆ ಬರುವ ಬಿಡಿಭಾಗ. ಇದನ್ನು ತಲೆಕೆಳಗು ಮಾಡಿ, ಪತ್ರಿಕೆಯನ್ನೇ ಮುಖ್ಯವೆಂದು ನಂಬಿ ನಡೆಸಿದವರೆಲ್ಲ ಮೂರು ಸಂಚಿಕೆಗೆ ಅಂಗಡಿ ಮುಚ್ಚಿದ್ದಾರೆ. ನಮ್ಮ ಕಡೆ ಹಾಗೆ ಮುಚ್ಚಿದವರ ಪಟ್ಟಿ ನಿಮಗೂ ಗೊತ್ತು.

ಪೆಟ್ಟಿಗೆಯಲ್ಲಿ ಏನೇನಿರಬೇಕು

ಏಳು ವಿದ್ಯಾರ್ಥಿಗಳು. ಬಹುಪಾಲು ಅನುಕೂಲಸ್ಥರ ಮನೆಯವರಾಗಿದ್ದರೆ ಒಳ್ಳೆಯದು. ಫೀಸಿನ ಚಿಂತೆ ಇರುವವನಿಗೆ ಮೇಷ್ಟರನ್ನು ಗೇಲಿ ಮಾಡುವ ಧೈರ್ಯ ಕಡಿಮೆ.

ಲಂಡನ್ನಿನ ‘ಪಂಚ್’ ಪತ್ರಿಕೆಯ ಹಳೆಯ ಸಂಚಿಕೆಗಳು ಒಂದಷ್ಟು. 1841ರಲ್ಲಿ ಹುಟ್ಟಿದ ‘ಪಂಚ್’ ಆ ಕಾಲಕ್ಕೆ ಅರ್ಧ ಜಗತ್ತಿನ ನಗೆಗೆ ಅಚ್ಚು. ಅದನ್ನು ನೋಡಿಕೊಂಡು ಹಾರ್ವರ್ಡಿನ ಹುಡುಗರು 1876ರಲ್ಲಿ ಶುರು ಮಾಡಿದರೆ, ಲಖನೌದಲ್ಲಿ ಮುನ್ಷಿ ಸಜ್ಜಾದ್ ಹುಸೇನ್ ಮರುವರ್ಷವೇ ಉರ್ದುವಿನಲ್ಲಿ ‘ಅವಧ್ ಪಂಚ್’ ಹೊರಡಿಸಿದರು. ಅಚ್ಚು ಒಂದೇ, ಎರಕ ಬೇರೆ ಬೇರೆ. ಲಖನೌದವರು ಬ್ರಿಟಿಷರನ್ನೂ, ಬ್ರಿಟಿಷರ ಹಾಗೆ ಆಡುವ ನಮ್ಮವರನ್ನೂ ಹಿಡಿದು ಕುಟುಕಿದರು. ಕೇಂಬ್ರಿಜ್‌ನವರು ತಮ್ಮ ಮೇಷ್ಟರುಗಳನ್ನು, ಸಹಪಾಠಿಗಳನ್ನು ಛೇಡಿಸಿದರು. ಎದುರಿಗೆ ಯಾರು ನಿಂತಿದ್ದಾರೆ ಎನ್ನುವುದರ ಮೇಲೆ ಯಂತ್ರದ ಸದ್ದು ಬದಲಾಗುತ್ತದೆ. ಅದು ದೋಷವಲ್ಲ.

ಮೊದಲ ಸಂಚಿಕೆಯನ್ನು ಕಾಲೇಜಿನ ಅಂಗಳದ ಮರಗಳಿಗೂ ನೋಟಿಸ್ ಬೋರ್ಡಿಗೂ ಅಂಟಿಸಿ. ಪ್ರಚಾರಕ್ಕೆ ಬೇರೆಯವರನ್ನು ಕಾಯಬೇಡಿ. ಆಗಿನ ಅಮೆರಿಕ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಅವರಿಗೆ ‘ಈ ಪತ್ರಿಕೆ ಓದಬೇಡಿ, ನಕ್ಕು ನಕ್ಕು ರಾಜ್ಯಭಾರ ಮಾಡಲಾರಿರಿ’ ಎಂದು ಯಾರೋ ಬುದ್ಧಿ ಹೇಳಿದ್ದರಂತೆ. ಹೇಳಿದವರು ಯಾರು, ಕೇಳಿಸಿಕೊಂಡವರು ಯಾರು ಎಂದು ವಿಚಾರಿಸಬೇಡಿ. ನೂರೈವತ್ತು ವರ್ಷದಿಂದ ಈ ಕತೆ ಹೇಳುತ್ತಿರುವವರು ಲ್ಯಾಂಪೂನಿನವರೇ.

ಸ್ಥಾಪಕರು ಪಾಸಾಗಿ ಹೊರಟುಹೋಗುತ್ತಾರೆ. ಗಾಬರಿ ಬೇಡ, ಈ ಯಂತ್ರ ಇರುವುದೇ ಹಾಗೆ: ನಾಲ್ಕು ವರ್ಷಕ್ಕೊಮ್ಮೆ ಎಲ್ಲ ಸಿಬ್ಬಂದಿಯೂ ರಾಜೀನಾಮೆ ಕೊಡುವ ಏಕೈಕ ಪತ್ರಿಕೆ ಎಂದರೆ ಕಾಲೇಜು ಪತ್ರಿಕೆ. ಹೊರಟವರು ಹೊರಗೆ ಹೋಗಿ ಏನು ಮಾಡುತ್ತಾರೆ ಎಂಬುದರ ಮೇಲೆ ಕಣ್ಣಿಡಿ. ಏಳು ಜನರಲ್ಲಿ ಒಬ್ಬರಾದ ಎಡ್ವರ್ಡ್ ಮಾರ್ಟಿನ್ 1883ರಲ್ಲಿ ಜಾನ್ ಏಮ್ಸ್ ಮಿಚೆಲ್ ಜೊತೆ ಸೇರಿ ನ್ಯೂಯಾರ್ಕಿನಲ್ಲಿ ‘ಲೈಫ್’ ಎಂಬ ನಗೆಪತ್ರಿಕೆ ತೆಗೆದರು. ಹೌದು, ಅದೇ ‘ಲೈಫ್’. ದೊಡ್ಡ ದೊಡ್ಡ ಫೋಟೋಗಳ ಪತ್ರಿಕೆ ಎಂದು ನಮ್ಮ ಲೈಬ್ರರಿಗಳಲ್ಲಿ ಅಪ್ಪಂದಿರ ಕಾಲದವರು ತಿರುವಿ ಹಾಕಿದ್ದು ಅದರ ಎರಡನೆಯ ಜನ್ಮ. 1936ರಲ್ಲಿ ಹೆನ್ರಿ ಲೂಸ್ ಅದನ್ನು ಕೊಂಡದ್ದು ಹೆಸರಿಗಾಗಿ ಮಾತ್ರ. ಒಳಗಿದ್ದ ನಗೆಯನ್ನು ಬೇಡವೆಂದು ಬಿಟ್ಟರು.

ಬಂಡವಾಳ

ದುಡ್ಡಿನ ಜವಾಬ್ದಾರಿಯನ್ನು ದುಡ್ಡಿನ ಮನೆಯವನಿಗೇ ಕೊಡಿ. 1880ರ ದಶಕದಲ್ಲಿ ಲ್ಯಾಂಪೂನಿನ ವ್ಯವಹಾರ ನೋಡಿಕೊಂಡ ಹುಡುಗನ ಹೆಸರು ವಿಲಿಯಂ ರಾಂಡಾಲ್ಫ್ ಹರ್ಸ್ಟ್. ಅಪ್ಪ ಬೆಳ್ಳಿ ಚಿನ್ನದ ಗಣಿಗಳ ಒಡೆಯ. ಮಗ ಜಾಹೀರಾತು ತಂದ, ಚಂದಾ ವಸೂಲು ಮಾಡಿದ, ನಷ್ಟದಲ್ಲಿದ್ದ ಪತ್ರಿಕೆಯನ್ನು ಲಾಭಕ್ಕೆ ತಂದ. ಓದು ಮಾತ್ರ ಅಷ್ಟಕ್ಕಷ್ಟೆ; 1885ರಲ್ಲಿ ಹಾರ್ವರ್ಡ್ ಅವನನ್ನು ಹೊರಗೆ ಹಾಕಿತು. ಪ್ರಾಧ್ಯಾಪಕರ ಮನೆಗಳಿಗೆ, ಒಳಗಡೆ ಅವರವರದೇ ಚಿತ್ರ ಬರೆಸಿದ ಮೂತ್ರಪಾತ್ರೆಗಳನ್ನು ಕಾಣಿಕೆಯಾಗಿ ಕಳಿಸಿದ್ದ ಎಂಬ ಕತೆಯಿದೆ. ಅವನ ಮುಂದಿನ ಪತ್ರಿಕಾವೃತ್ತಿಯನ್ನು ನೋಡಿದರೆ ಕತೆಯನ್ನು ನಂಬಬೇಕೆನಿಸುತ್ತದೆ. ಅಮೆರಿಕದ ಪತ್ರಿಕಾ ದೊರೆಯಾಗಿ, ಊರೂರಿಗೆ ದೈನಿಕ ಇಟ್ಟುಕೊಂಡು, ಸ್ಪೇನಿನ ವಿರುದ್ಧ ಯುದ್ಧದ ಹುಚ್ಚು ಹಬ್ಬಿಸಿದ ಹರ್ಸ್ಟ್ ಇವನೇ. ವ್ಯವಹಾರ ಕಲಿತದ್ದು ನಗೆಪತ್ರಿಕೆಯಲ್ಲಿ.

ಆ ಹೊತ್ತಿಗೇ ಅದೇ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದ ಇನ್ನೊಬ್ಬ ಹುಡುಗ ಜಾರ್ಜ್ ಸಾಂತಾಯನ, ಮುಂದೆ ತತ್ತ್ವಶಾಸ್ತ್ರಜ್ಞ. ಇನ್ನೊಂದು ತಲೆಮಾರು ಕಳೆದರೆ ಜಾನ್ ರೀಡ್: ರಷ್ಯಾದ ಕ್ರಾಂತಿಯನ್ನು ಕಣ್ಣಾರೆ ಕಂಡು ಬರೆದು, ಕ್ರೆಮ್ಲಿನ್ ಗೋಡೆಯ ಬದಿಯಲ್ಲಿ ಸಮಾಧಿಯಾದವರು. ಪತ್ರಿಕಾ ಸಾಹುಕಾರ, ತತ್ತ್ವಜ್ಞಾನಿ, ಕಮ್ಯುನಿಸ್ಟ್ ಮೂವರನ್ನೂ ಒಂದೇ ಯಂತ್ರ ಕೊಟ್ಟಿದೆ. ಹಾಗಾಗಿ ಈ ಉಪಕರಣಕ್ಕೆ ಯಾವುದೇ ಸಿದ್ಧಾಂತ ಇದೆ ಎಂದು ಗ್ರಾಹಕರು ಭಾವಿಸಬಾರದು.

ಕೋಟೆ ಕಟ್ಟುವುದು

ಈ ಹಂತವನ್ನು ಬಿಟ್ಟು ಮುಂದೆ ಹೋಗಬೇಡಿ. ಸಾಧಾರಣವಾಗಿ ಕಾಲೇಜು ಪತ್ರಿಕೆಗೆ ಸಿಗುವುದು ಜಿಮ್‌ಖಾನಾ ಪಕ್ಕದ ಒಂದು ಕೋಣೆ, ಮುರಿದ ಬೀರು, ಕೀಲಿ ಇರುವ ಜವಾನ. ಅಷ್ಟರಲ್ಲಿ ತೃಪ್ತಿಪಟ್ಟುಕೊಂಡರೆ ನಿಮ್ಮ ಪತ್ರಿಕೆ ಕೀಲಿ ಇರುವ ಜವಾನ ನಿವೃತ್ತನಾಗುವ ತನಕ ಮಾತ್ರ ಬದುಕುತ್ತದೆ.

ಲ್ಯಾಂಪೂನಿನವರು ಹೀಗೆ ಮಾಡಿದರು. ಸ್ಥಾಪಕ ಏಳರಲ್ಲಿ ಎಡ್ಮಂಡ್ ವೀಲ್‌ರೈಟ್ ಎಂಬವರು ವಾಸ್ತುಶಿಲ್ಪಿಯಾಗಿದ್ದರು. ಸಣ್ಣಪುಟ್ಟವರಲ್ಲ, ಬಾಸ್ಟನ್ ನಗರದ ಅಧಿಕೃತ ವಾಸ್ತುಶಿಲ್ಪಿಯಾಗಿದ್ದವರು. ಚಾರ್ಲ್ಸ್ ನದಿಗೆ ಅಡ್ಡಲಾಗಿ ಬಾಸ್ಟನ್ನನ್ನೂ ಕೇಂಬ್ರಿಜ್ಜನ್ನೂ ಜೋಡಿಸುವ ಲಾಂಗ್‌ಫೆಲೋ ಸೇತುವೆಯಲ್ಲೂ ಅವರ ಕೈಯಿದೆ. ಇಂಥ ಗಂಭೀರ ಮನುಷ್ಯ ತನ್ನ ಹಳೆಯ ಪತ್ರಿಕೆಗೆ ಕಚೇರಿ ಕಟ್ಟಿಕೊಡುವಾಗ ಮಾತ್ರ ಗಂಭೀರತೆಯನ್ನು ಮನೆಯಲ್ಲಿಟ್ಟು ಬಂದರು. ಮೌಂಟ್ ಆಬರ್ನ್ ರಸ್ತೆ, ಬೋ ರಸ್ತೆ ಎರಡೂ ಕೂಡುವಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿಯಂಥ ಒಂದು ಚೂಪು ಜಾಗ ಉಳಿದಿತ್ತು. ಯಾವ ಮರ್ಯಾದಸ್ಥ ಕಟ್ಟಡವೂ ಕೂರಲಾರದ ಆ ಮೂಲೆಯಲ್ಲಿ 1909ರಲ್ಲಿ ಒಂದು ಪುಟ್ಟ ಕೋಟೆ ಎದ್ದಿತು. ಹಣ ಕೊಟ್ಟವರಲ್ಲಿ, ಹೊರಗೆ ಹಾಕಿಸಿಕೊಂಡಿದ್ದ ಹರ್ಸ್ಟ್ ಕೂಡ ಇದ್ದರು.

ಮೂಲೆಯಲ್ಲಿ ನಿಂತು ನೋಡಿ. ದುಂಡು ಗೋಪುರದಲ್ಲಿ ಎರಡು ಗುಂಡು ಕಿಟಕಿ, ಅವು ಕಣ್ಣು. ನಡುವೆ ತೂಗಿದ ಲಾಂದ್ರ, ಅದು ಮೂಗು. ಕೆಳಗೆ ಬಣ್ಣ ಬಳಿದ ಬಾಗಿಲು, ಅದು ಬಾಯಿ. ಮೇಲಿನ ಗುಮ್ಮಟ ಸಿಪಾಯಿಯ ಶಿರಸ್ತ್ರಾಣ. ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬನನ್ನೂ ಕಟ್ಟಡವೇ ಕಣ್ಣು ಬಿಟ್ಟುಕೊಂಡು ನೋಡುತ್ತದೆ. ಗುಮ್ಮಟದ ತುದಿಯಲ್ಲಿ ತಾಮ್ರದ ಒಂದು ಐಬಿಸ್ ಹಕ್ಕಿ; ನಮ್ಮ ಗದ್ದೆಗಳಲ್ಲಿ ಕಾಣುವ ಕೆಂಬರಲಿನ ಬಳಗದ್ದು. ಒಳಗಡೆ ಹಾಲೆಂಡಿನ ಡೆಲ್ಫ್ಟ್ ಹೆಂಚುಗಳು, ಹಳೆಯ ಪೀಠೋಪಕರಣ. ಸದಸ್ಯರಲ್ಲದವರಿಗೆ ಒಳಗೆ ಪ್ರವೇಶ ಸುಲಭವಲ್ಲ.

ಕೋಟೆ ಯಾಕೆ ಬೇಕು ಎಂದರೆ, ಬರಹಗಾರರು ಬರುತ್ತಾರೆ ಹೋಗುತ್ತಾರೆ, ಕಟ್ಟಡಕ್ಕೆ ಮಾತ್ರ ಪದವಿ ಪ್ರದಾನ ಆಗುವುದಿಲ್ಲ. ಸಂಚಿಕೆ ಚೆನ್ನಾಗಿಲ್ಲದ ವರ್ಷವೂ ಕೋಟೆಯ ಬಾಗಿಲ ಮುಂದೆ ಹೊಸ ಹುಡುಗರು ಸಾಲು ನಿಲ್ಲುತ್ತಾರೆ. ಹಾಸ್ಯಕ್ಕಿಂತ ಕಲ್ಲು ಹೆಚ್ಚು ಬಾಳುತ್ತದೆ ಎಂಬುದನ್ನು ಅರಿತ ಹಾಸ್ಯಗಾರರು ಇವರೊಬ್ಬರೇ ಇರಬೇಕು.

ಶತ್ರುವನ್ನು ಅಳವಡಿಸುವುದು

ಶತ್ರು ಪೆಟ್ಟಿಗೆಯಲ್ಲಿ ಬರುವುದಿಲ್ಲ, ಹತ್ತಿರದಲ್ಲೇ ಹುಡುಕಿಕೊಳ್ಳಬೇಕು. ಸರ್ಕಾರ, ಆಡಳಿತ ಮಂಡಳಿ ಮುಂತಾದ ದೊಡ್ಡ ಶತ್ರುಗಳು ಬೇಡ. ಅವರು ನಿಜವಾಗಿಯೂ ಹೊಡೆಯುತ್ತಾರೆ. ಒಂದೆರಡು ನಿಮಿಷ ನಡೆದರೆ ಸಿಗುವಂಥ, ನಿಮ್ಮಷ್ಟೇ ವಯಸ್ಸಿನ, ನಿಮಗಿಂತ ಸ್ವಲ್ಪ ಹೆಚ್ಚು ಜವಾಬ್ದಾರಿಯ ಶತ್ರು ಬೇಕು. ಲ್ಯಾಂಪೂನಿಗೆ ಆ ಭಾಗ್ಯ ಹುಟ್ಟುವ ಮೊದಲೇ ಒದಗಿತ್ತು. 1873ರಲ್ಲಿ ಶುರುವಾದ ವಿದ್ಯಾರ್ಥಿಗಳ ದಿನಪತ್ರಿಕೆ ‘ಹಾರ್ವರ್ಡ್ ಕ್ರಿಮ್ಸನ್’ ಪ್ಲಿಂಪ್ಟನ್ ರಸ್ತೆಯಲ್ಲಿ, ಕೂಗಳತೆಯಲ್ಲಿದೆ.

ಕ್ರಿಮ್ಸನ್ ಲ್ಯಾಂಪೂನಿನ ಸುದ್ದಿ ಬರೆಯುವಾಗ ಪ್ರತಿ ಸಲ ಒಂದು ವಿಶೇಷಣ ಸೇರಿಸುತ್ತದೆ. ಅದರ ತಾತ್ಪರ್ಯ ಇಷ್ಟು: ಅರೆಗುಟ್ಟಿನ ಒಂದು ಸಂಘ, ಹಿಂದೊಮ್ಮೆ ಅಪರೂಪಕ್ಕೆ ನಗೆಪತ್ರಿಕೆ ಎನ್ನಿಸಿಕೊಳ್ಳುವ ಏನನ್ನೋ ಅಚ್ಚು ಹಾಕಿಸುತ್ತಿತ್ತು. ಬೈಗುಳವೆಂದು ಬರೆದದ್ದು. ನನ್ನ ಮಟ್ಟಿಗೆ ಲ್ಯಾಂಪೂನಿನ ಚರಿತ್ರೆಯನ್ನು ಇಷ್ಟು ನಿಖರವಾಗಿ ಇಷ್ಟು ಚಿಕ್ಕದಾಗಿ ಬೇರೆ ಯಾರೂ ಬರೆದಿಲ್ಲ.

ಶತ್ರು ಸರಿಯಾಗಿ ಕೂತಿದ್ದಾನೆಯೇ ಎಂದು ಪರೀಕ್ಷಿಸಲು ಹಕ್ಕಿಯನ್ನು ನೋಡಿ. ಹಕ್ಕಿ ಆಗಾಗ ಕಾಣೆಯಾಗುತ್ತಿದ್ದರೆ ಶತ್ರು ಆರೋಗ್ಯವಾಗಿದ್ದಾನೆ ಎಂದರ್ಥ. 1953ರಲ್ಲಿ ಕ್ರಿಮ್ಸನ್ನಿನವರು ಗುಮ್ಮಟದ ಐಬಿಸ್ ಕಿತ್ತುಕೊಂಡು ನ್ಯೂಯಾರ್ಕಿಗೆ ಹೋದರು. ಅಲ್ಲಿ ವಿಶ್ವಸಂಸ್ಥೆಯಲ್ಲಿದ್ದ ಸೋವಿಯತ್ ಪ್ರತಿನಿಧಿ ಸೆಮ್ಯೋನ್ ತ್ಸರಾಪ್ಕಿನ್ ಅವರಿಗೆ, ಅಮೆರಿಕದ ವಿದ್ಯಾರ್ಥಿಗಳ ಸ್ನೇಹದ ಗುರುತು, ಮಾಸ್ಕೋ ವಿಶ್ವವಿದ್ಯಾಲಯದ ಹೊಸ ಕಟ್ಟಡದ ಮೇಲೆ ಇಡಬಹುದು ಎಂದು ಅದನ್ನು ಕಾಣಿಕೆ ಕೊಟ್ಟರು. ಸ್ಟಾಲಿನ್ ತೀರಿಕೊಂಡು ಒಂದೆರಡು ತಿಂಗಳೂ ಆಗಿರಲಿಲ್ಲ. ಅಮೆರಿಕದಲ್ಲಿ ಮೆಕಾರ್ತಿ ಹಾವಳಿ, ಮನೆಮನೆಯಲ್ಲಿ ಕಮ್ಯುನಿಸ್ಟರನ್ನು ಹುಡುಕುವ ಕಾಲ. ರಷ್ಯನ್ನರು ಮುಖ ಸಡಿಲಿಸದೆ ಹಕ್ಕಿಯನ್ನು ಸ್ವೀಕರಿಸಿದರು. ಲ್ಯಾಂಪೂನಿನವರು ತಮ್ಮ ಹಕ್ಕಿಗಾಗಿ ಸೋವಿಯತ್ ಸರ್ಕಾರದ ಮುಂದೆ ಅರ್ಜಿ ಹಿಡಿದು ನಿಲ್ಲಬೇಕಾಯಿತು. ಆ ಹೊತ್ತಿನಲ್ಲಿ ಪತ್ರಿಕೆ ನಡೆಸುತ್ತಿದ್ದ ತಂಡದ ಮುಂದಾಳು ಜಾನ್ ಅಪ್‌ಡೈಕ್. ಮುಂದೆ ಕಾದಂಬರಿಕಾರರಾಗಿ ಹೆಸರು ಮಾಡಿದರೂ ಲ್ಯಾಂಪೂನಿನಲ್ಲಿ ಹೆಚ್ಚಾಗಿ ಚಿತ್ರ ಬರೆಯುತ್ತಿದ್ದವರು.

ಕದಿಯುವ ಕ್ರಮ

ಶತ್ರು ಕದ್ದರೆ ನೀವೂ ಕದಿಯಬೇಕು. ಕಳ್ಳತನ ಈ ಮಾದರಿಯ ಅವಿಭಾಜ್ಯ ಅಂಗ. ಅದರ ಅತ್ಯುತ್ತಮ ಪ್ರಯೋಗ ನಡೆದದ್ದು 1933ರ ಏಪ್ರಿಲ್‌ನಲ್ಲಿ. ಕದ್ದ ವಸ್ತು: ಮೀನು.

ಬಾಸ್ಟನ್ನಿನ ವಿಧಾನಸಭೆಯಲ್ಲಿ, ಶಾಸಕರ ತಲೆಯ ಮೇಲೆ, ಪೈನ್ ಮರದಲ್ಲಿ ಕೊರೆದ ಸುಮಾರು ಐದಡಿ ಉದ್ದದ ಒಂದು ಕಾಡ್ ಮೀನು ತೂಗಾಡುತ್ತದೆ. ಹೆಸರು ‘ಪವಿತ್ರ ಕಾಡ್’. ಮ್ಯಾಸಚೂಸೆಟ್ಸ್ ಸಿರಿವಂತವಾದದ್ದೇ ಮೀನಿನಿಂದ ಎಂಬ ಋಣಕ್ಕೆ 1784ರಲ್ಲಿ ಜಾನ್ ರೋ ಎಂಬ ವ್ಯಾಪಾರಿಯ ಕೋರಿಕೆಯ ಮೇಲೆ ಸಭೆಯಲ್ಲಿ ಅದನ್ನು ತೂಗುಹಾಕಿದರು. ನಮ್ಮ ವಿಧಾನಸಭೆಯೊಳಗೆ ರಾಗಿತೆನೆಯೊಂದನ್ನು ನೇತುಹಾಕಿದ್ದರೆ ಎಷ್ಟು ಗೌರವ ಸಿಗುತ್ತಿತ್ತೋ ನನಗೆ ಅನುಮಾನ. ಅಲ್ಲಿಯವರು ಮಾತ್ರ ಆ ಮರದ ಮೀನನ್ನು ಮನೆದೇವರಷ್ಟು ನಂಬಿದ್ದರು.

ವಿಧಾನ ಇಷ್ಟೇ. ತಂತಿ ಕತ್ತರಿಸುವ ಇಕ್ಕಳ ಒಂದು. ಹೂವಿನ ಅಂಗಡಿಯ ಉದ್ದನೆಯ ರಟ್ಟಿನ ಪೆಟ್ಟಿಗೆ ಒಂದು. ಒಂದು ತುದಿಯಿಂದ ಹೊರಗಿಣುಕುವ ಹಾಗೆ ನಾಲ್ಕಾರು ಲಿಲ್ಲಿ ಹೂ. ಸಂದರ್ಶಕರ ಹಾಗೆ ಒಳಗೆ ಹೋಗಿ, ಮೀನನ್ನು ಕತ್ತರಿಸಿ ಇಳಿಸಿ, ಹೂವಿನ ಪೆಟ್ಟಿಗೆಯಲ್ಲಿಟ್ಟು, ಯಾರದೋ ಮದುವೆಗೆ ಹೊರಟವರ ಮುಖ ಮಾಡಿಕೊಂಡು ಮೆಟ್ಟಿಲಿಳಿದು ಬನ್ನಿ.

ಮುಂದಿನದು ತಾನೇ ತಾನಾಗಿ ನಡೆಯುತ್ತದೆ. ಮೀನಿಲ್ಲದ ಸಭೆಯಲ್ಲಿ ಕಲಾಪ ನಡೆಸುವುದೇ ಅಪಚಾರ ಎಂದು ಕೆಲವು ಶಾಸಕರು ಗೊಣಗಿದರು. ಪೊಲೀಸರು ಚಾರ್ಲ್ಸ್ ನದಿಗೆ ಬಲೆ ಬೀಸಿದರು. ಮರದ ಮೀನಿಗಾಗಿ ನದಿಗೆ ಬಲೆ ಬೀಸುವ ದೃಶ್ಯವನ್ನು ಯಾವ ನಗೆಬರಹಗಾರನೂ ತಾನಾಗಿ ಕಲ್ಪಿಸಲಾರ. ಕಲ್ಪಿಸಿದರೆ ಸಂಪಾದಕ ಅತಿಯಾಯಿತು ಎಂದು ಹೊಡೆದು ಹಾಕುತ್ತಾನೆ. ಲ್ಯಾಂಪೂನಿನ ನೂರೈವತ್ತು ವರ್ಷದ ಉತ್ಪನ್ನದಲ್ಲಿ ಅತಿ ಒಳ್ಳೆಯದನ್ನು ಆರಿಸು ಎಂದರೆ ನಾನು ಇದನ್ನೇ ಎತ್ತಿಕೊಳ್ಳುತ್ತೇನೆ. ಬರೆದದ್ದು ಒಂದಕ್ಷರವೂ ಇಲ್ಲ, ಆಡಿದವರೆಲ್ಲ ಸರ್ಕಾರಿ ನೌಕರರು.

ಒಂದೆರಡು ದಿನದ ಬಳಿಕ ಹಾರ್ವರ್ಡ್ ಅಂಗಳದ ಪಹರೆಯ ಮೇಲ್ವಿಚಾರಕನಿಗೆ ಫೋನ್ ಬಂತು: ಇಂಥ ಕಡೆ ಬಾ. ಹೋದರೆ ಕತ್ತಲಲ್ಲಿ ಒಂದು ಕಾರು, ಹಿಂಬಾಲಿಸು ಎಂಬ ಸನ್ನೆ, ಮೀನು ಹಸ್ತಾಂತರ, ಕಾರು ಮಾಯ. ಸಣ್ಣ ರಿಪೇರಿ ಮಾಡಿಸಿ ಮೀನನ್ನು ಮತ್ತೆ ತೂಗುಹಾಕಿದರು. ಈ ಸಲ ಆರು ಅಂಗುಲ ಮೇಲಕ್ಕೆ.

ಎಚ್ಚರಿಕೆ: ಕದ್ದ ವಸ್ತು ಹಿಂದಿರುಗಿಸಲು ಬರುವಂತಿರಬೇಕು. 2015ರಲ್ಲಿ ಲ್ಯಾಂಪೂನಿನವರು ಕ್ರಿಮ್ಸನ್ ಅಧ್ಯಕ್ಷರ ಕುರ್ಚಿ ಕದ್ದು, ತಾವೇ ಕ್ರಿಮ್ಸನ್‌ನವರೆಂದು ಹೇಳಿಕೊಂಡು ನ್ಯೂಯಾರ್ಕಿನ ಟ್ರಂಪ್ ಟವರಿಗೆ ಹೋಗಿ, ಡೊನಾಲ್ಡ್ ಟ್ರಂಪ್ ಅವರನ್ನು ಅದರಲ್ಲಿ ಕೂರಿಸಿ ಫೋಟೋ ಹೊಡೆಸಿಕೊಂಡರು. ಅಧ್ಯಕ್ಷ ಚುನಾವಣೆಗೆ ಕ್ರಿಮ್ಸನ್ ಬೆಂಬಲ ಟ್ರಂಪ್‌ಗೇ ಎಂದು ಸುಳ್ಳು ಸಂಪಾದಕೀಯವನ್ನೂ ಹೊರಬಿಟ್ಟರು. ಆಗ ಎಲ್ಲರೂ ನಕ್ಕರು, ಆತ ಗೆಲ್ಲುವುದೆಲ್ಲಿ ಬಂತು ಎಂದು. ಕುರ್ಚಿ ವಾಪಸು ಬಂತು.

ಅಣಕು ಸಂಚಿಕೆ ತಯಾರಿ

ಇಲ್ಲಿಯವರೆಗೆ ಪತ್ರಿಕೆಯ ಮಾತೇ ಬರಲಿಲ್ಲವಲ್ಲ ಎಂದರೆ, ಬಂತು.

ಸ್ವಂತ ಸಂಚಿಕೆ ಯಾರೂ ಓದದಿದ್ದರೆ ಎಲ್ಲರೂ ಓದುವ ಪತ್ರಿಕೆಯ ವೇಷ ಹಾಕಿಕೊಳ್ಳಿ. ಲ್ಯಾಂಪೂನ್ ಇದನ್ನು ಕಸುಬು ಮಾಡಿಕೊಂಡಿತು. 1960ರ ದಶಕದ ಆರಂಭದಲ್ಲಿ ‘ಮ್ಯಾಡ್‌ಮಾಸೆಲ್’ ಎಂಬ ಹೆಂಗಸರ ಪತ್ರಿಕೆ ತನ್ನನ್ನು ತಾನೇ ಅಣಕಿಸಿಕೊಳ್ಳಲು ಲ್ಯಾಂಪೂನ್ ಹುಡುಗರನ್ನು ಕೂಲಿಗೆ ಕರೆಯಿತು. 1966ರಲ್ಲಿ ‘ಪ್ಲೇಬಾಯ್’ ಅಣಕು ಬಿಸಿ ದೋಸೆಯ ಹಾಗೆ ಖರ್ಚಾಯಿತು. 1972ರಲ್ಲಿ ‘ಕಾಸ್ಮೊಪಾಲಿಟನ್’ ಅಣಕು ಬಂದಾಗ ನಡುಪುಟದಲ್ಲಿ ಬಟ್ಟೆಯಿಲ್ಲದೆ ಒರಗಿ ಮಲಗಿದ್ದವರು ಹೆನ್ರಿ ಕಿಸಿಂಜರ್. ತಲೆ ಅವರದು, ಒಡಲು ಬೇರೆ ಯಾರದೋ. ಶ್ವೇತಭವನಕ್ಕೆ ಹೋಗುವ ಮೊದಲು ಕಿಸಿಂಜರ್ ಹಾರ್ವರ್ಡಿನಲ್ಲೇ ಮೇಷ್ಟರಾಗಿದ್ದರು ಎಂಬುದನ್ನು ನೆನೆದರೆ, 1876ರಲ್ಲಿ ಮೇಷ್ಟರನ್ನು ಛೇಡಿಸಲು ಶುರುವಾದ ಪತ್ರಿಕೆ ಅಷ್ಟೇನೂ ದಾರಿ ತಪ್ಪಿರಲಿಲ್ಲ.

ಸಿನಿಮಾದವರಿಗೆ ವರ್ಷದ ಅತಿ ಕೆಟ್ಟ ನಟ, ನಟಿ ಎಂದು ಪ್ರಶಸ್ತಿ ಕೊಡುವುದೂ ಒಂದು ಉಪಾಯ. ಯಾರೂ ಬಂದು ಇಸಿದುಕೊಳ್ಳುವುದಿಲ್ಲ ಎಂಬ ಧೈರ್ಯದ ಮೇಲೆ ಇದು ನಿಂತಿರುತ್ತದೆ. 1966ರಲ್ಲಿ ನಟಾಲಿ ವುಡ್ ಸಾಕ್ಷಾತ್ ಬಂದು ನಗುನಗುತ್ತ ಪ್ರಶಸ್ತಿ ತೆಗೆದುಕೊಂಡು ಹೋದರು. ಹುಡುಗರಿಗೆ ಏನು ಮಾಡಬೇಕೆಂದು ತೋಚಿರಲಿಕ್ಕಿಲ್ಲ. 1974ರಲ್ಲಿ ಜಾನ್ ವೇನ್ ಅವರನ್ನು ಕೆಣಕಿ, ಧೈರ್ಯವಿದ್ದರೆ ಬಾ ಎಂದು ಆಹ್ವಾನ ಕಳಿಸಿದರು. ವಿಯೆಟ್ನಾಂ ಯುದ್ಧವನ್ನು ಬಾಯಿತುಂಬ ಬೆಂಬಲಿಸಿದ್ದ ಆ ಕೌಬಾಯ್ ನಟ, ಯುದ್ಧವಿರೋಧಿ ವಿದ್ಯಾರ್ಥಿಗಳ ಹಾರ್ವರ್ಡ್ ಚೌಕಕ್ಕೆ ಸೈನ್ಯದ ಕವಚದ ಗಾಡಿಯ ಮೇಲೆ ಕೂತು ಬಂದರು. ಹಿಮದುಂಡೆಗಳು ಬಿದ್ದವು, ಚಪ್ಪಾಳೆಯೂ ಬಿತ್ತು. ಅಂದು ಯಾರು ಯಾರನ್ನು ಗೇಲಿ ಮಾಡಿದರು ಎಂಬ ಲೆಕ್ಕ ಇನ್ನೂ ಹೊಂದಿಲ್ಲ.

ಹೆಸರನ್ನು ಬಾಡಿಗೆಗೆ ಕೊಡುವುದು

1969ರಲ್ಲಿ ಹೆನ್ರಿ ಬಿಯರ್ಡ್, ಡಗ್ಲಸ್ ಕೆನ್ನಿ ಎಂಬ ಲ್ಯಾಂಪೂನಿನ ಇಬ್ಬರು ಟೋಲ್ಕಿನ್ನರ ಮಹಾಕಾದಂಬರಿಯನ್ನು ಅಣಕಿಸಿ ‘ಬೋರ್ಡ್ ಆಫ್ ದ ರಿಂಗ್ಸ್’ ಬರೆದರು. ಮರುವರ್ಷ ರಾಬ್ ಹಾಫ್‌ಮನ್ ಜೊತೆ ಸೇರಿ ಲ್ಯಾಂಪೂನಿನ ಹೆಸರನ್ನೇ ಪರವಾನಗಿ ಮೇಲೆ ಪಡೆದು ನ್ಯೂಯಾರ್ಕಿನಲ್ಲಿ ‘ನ್ಯಾಷನಲ್ ಲ್ಯಾಂಪೂನ್’ ಶುರು ಮಾಡಿದರು. ಐದೇ ವರ್ಷ. 1975ರಲ್ಲಿ ಮೂವರೂ ತಮ್ಮ ಪಾಲನ್ನು 75 ಲಕ್ಷ ಡಾಲರಿಗೆ ಬಿಟ್ಟುಕೊಟ್ಟರು. 1978ರಲ್ಲಿ ಆ ಹೆಸರಿನ ಅಡಿ ಬಂದ ಸಿನಿಮಾ ‘ಅನಿಮಲ್ ಹೌಸ್’, ಕತೆಗಾರರಲ್ಲಿ ಕೆನ್ನಿ ಒಬ್ಬರು. 30 ಲಕ್ಷ ಡಾಲರಿನೊಳಗೆ ತಯಾರಾಗಿ 14 ಕೋಟಿಗೂ ಮೀರಿ ಗಳಿಸಿತು. ಎರಡು ವರ್ಷ ಕಳೆದು, 33ರ ಹರೆಯದಲ್ಲಿ, ಕೆನ್ನಿ ಹವಾಯಿಯ ಒಂದು ಬೆಟ್ಟದಂಚಿನಿಂದ ಬಿದ್ದು ತೀರಿಕೊಂಡರು. ಈ ಕೈಪಿಡಿಯಲ್ಲಿ ಅದಕ್ಕೆ ಸೂಚನೆ ಇಲ್ಲ.

‘ನ್ಯಾಷನಲ್ ಲ್ಯಾಂಪೂನ್’ ಪತ್ರಿಕೆ 1998ಕ್ಕೆ ನಿಂತುಹೋಯಿತು. ಹೆಸರು ಬಾಡಿಗೆ ಕೊಟ್ಟವರ ಕೋಟೆಯಲ್ಲಿ ದೀಪ ಉರಿಯುತ್ತಲೇ ಇದೆ. ಮನೆ ಮಾಲೀಕರಿಗೂ ಬಾಡಿಗೆದಾರರಿಗೂ ಇರುವ ವ್ಯತ್ಯಾಸ ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ.

ಉತ್ಪನ್ನ ಎಲ್ಲಿಗೆ ಹೋಗುತ್ತದೆ

ಮೊದಲು ನ್ಯೂಯಾರ್ಕಿನ ಪತ್ರಿಕೆಗಳಿಗೆ ಹೋಗುತ್ತಿತ್ತು. 1912ರ ತಂಡದ ಅಧ್ಯಕ್ಷ ರಾಬರ್ಟ್ ಬೆಂಚ್ಲಿ ಆ ದಾರಿ ಹಿಡಿದು ಒಂದು ತಲೆಮಾರನ್ನು ನಗಿಸಿದರು. ಪತ್ರಿಕೆಗಳು ಸೊರಗಿದ ಮೇಲೆ ಟಿವಿಗೆ ಹೋಗತೊಡಗಿತು. ಜಿಮ್ ಡೌನಿ 1976ರಲ್ಲಿ ‘ಸ್ಯಾಟರ್ಡೆ ನೈಟ್ ಲೈವ್’ ಸೇರಿ ಬಾಗಿಲು ತೆರೆದರು, ಹಿಂದೆಯೇ ಸಾಲು. ‘ದ ಸಿಂಪ್ಸನ್ಸ್’ ಬರೆದ ಅಲ್ ಜೀನ್, ಮೈಕ್ ರೀಸ್, ಜಾರ್ಜ್ ಮೆಯರ್, ಜಾನ್ ವಿಟ್ಟಿ ಎಲ್ಲ ಆ ಕೋಟೆಯವರು. ‘ದ ಆಫೀಸ್’ ಸರಣಿಯನ್ನು ಅಮೆರಿಕಕ್ಕೆ ಒಗ್ಗಿಸಿದ ಗ್ರೆಗ್ ಡೇನಿಯಲ್ಸ್ ಕೂಡ. ಬೆಳಿಗ್ಗೆ ಎದ್ದು ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಮೊಬೈಲಿನಲ್ಲಿ ಯಾವುದೋ ಅಮೆರಿಕನ್ ಸರಣಿಯ ತುಣುಕು ನೋಡಿ ನಗುತ್ತಿದ್ದರೆ, ಆ ನಗೆ ಇಸ್ತ್ರಿಮೂತಿಯ ಆ ಜಾಗದಿಂದ ಹೊರಟದ್ದಿರುವ ಸಾಧ್ಯತೆ ಸಾಕಷ್ಟಿದೆ.

ನನಗೆ ಇಲ್ಲಿ ಸ್ವಲ್ಪ ಮುಜುಗರ. ಒಂದು ದೇಶ ಯಾವುದಕ್ಕೆ ನಗಬೇಕು ಎಂಬುದನ್ನು ಒಂದೇ ವಿಶ್ವವಿದ್ಯಾಲಯದ ಒಂದೇ ಸಂಘದವರು ಇಷ್ಟು ಕಾಲ ತೀರ್ಮಾನಿಸುತ್ತ ಬಂದಿದ್ದಾರೆ. ಆ ಸಂಘಕ್ಕೆ ಹೆಂಗಸರನ್ನು ಸೇರಿಸಿಕೊಂಡದ್ದು 1970ರ ದಶಕದಲ್ಲಿ, ಅಂದರೆ ನಗೆ ಶುರುವಾಗಿ ಸುಮಾರು ನೂರು ವರ್ಷವಾದ ಮೇಲೆ. ಮೊದಲ ಮಹಿಳಾ ಅಧ್ಯಕ್ಷೆ ಲೀಸಾ ಹೆನ್ಸನ್ ಬಂದದ್ದು 1980ರ ದಶಕದ ಆರಂಭಕ್ಕೆ. ಮಪೆಟ್ ಬೊಂಬೆಗಳ ಜಿಮ್ ಹೆನ್ಸನ್ ಅವರ ಮಗಳು. ಉಳ್ಳವರನ್ನು ಗೇಲಿ ಮಾಡುವ ಯಂತ್ರ ಉಳ್ಳವರ ಮನೆಯ ಹಿತ್ತಿಲಲ್ಲೇ ಇದ್ದರೆ ಮುಳ್ಳು ಸ್ವಲ್ಪ ಮೊಂಡಾಗುತ್ತದೆ. ನುಣುಪು ಹೆಚ್ಚುತ್ತದೆ, ನಿಜ.

ಶತ್ರುವೂ ಅದೇ ರಸ್ತೆಯಲ್ಲಿ ಬೆಳೆಯುತ್ತಾನೆ, ನೆನಪಿರಲಿ. 1980ರ ದಶಕದಲ್ಲಿ ಎರಡು ಸಲ ಲ್ಯಾಂಪೂನಿನ ಅಧ್ಯಕ್ಷರಾದ ಕೋನನ್ ಒಬ್ರಯನ್, ಕ್ರಿಮ್ಸನ್‌ನ ಒಂದು ದಿನದ ಪ್ರತಿಗಳನ್ನೆಲ್ಲ ಎತ್ತಿಕೊಂಡು ಹೋದರು. ಕ್ರಿಮ್ಸನ್‌ನ ಜೆಫ್ ಜುಕರ್ ಪೊಲೀಸರನ್ನು ಕರೆಸಿದರು. ಕಾಲ ಸರಿಯಿತು. ಒಬ್ರಯನ್ ಎನ್‌ಬಿಸಿ ವಾಹಿನಿಯ ‘ಟುನೈಟ್ ಶೋ’ ನಿರೂಪಕರಾದರು. ಎನ್‌ಬಿಸಿಯ ಮುಖ್ಯಸ್ಥರ ಕುರ್ಚಿಯಲ್ಲಿ ಕೂತಿದ್ದವರು ಅದೇ ಜೆಫ್ ಜುಕರ್. 2010ರಲ್ಲಿ ಕೆಲವೇ ತಿಂಗಳಲ್ಲಿ ಕಾರ್ಯಕ್ರಮ ಕೈತಪ್ಪಿತು. ಒಬ್ರಯನ್ ಮತ್ತು ಅವರ ಸಿಬ್ಬಂದಿಗೆ ವಾಹಿನಿ ತೆತ್ತ ಪರಿಹಾರ ಸುಮಾರು 4.5 ಕೋಟಿ ಡಾಲರ್. ಕಾಲೇಜಿನ ಒಂದು ದಿನದ ಪತ್ರಿಕೆಗೆ ಇಷ್ಟು ಬೆಲೆ ಇನ್ನೆಲ್ಲೂ ಬಂದಿರಲಾರದು.

ಕರ್ನಾಟಕದ ಗ್ರಾಹಕರಿಗೆ

ವೋಲ್ಟೇಜ್ ಬೇರೆ. ನಮ್ಮ ಕಾಲೇಜುಗಳಲ್ಲಿ ದೊರೆಯುವುದು ವಾರ್ಷಿಕ ಸಂಚಿಕೆ ಎಂಬ ಉಪಕರಣ. ಮೊದಲ ಹತ್ತು ಪುಟ ಸಂದೇಶ, ಆಮೇಲೆ ಗುಂಪು ಫೋಟೋಗಳು, ಕವನಗಳು, ಪುಟದ ತಳದಲ್ಲಿ ಜಾಗ ಮಿಕ್ಕಲ್ಲಿ ‘ನಗೆಹನಿ’. ಗುಂಡ, ಡಾಕ್ಟರು, ಗಂಡ ಹೆಂಡತಿ ಇವರನ್ನು ಬಿಟ್ಟು ನಗೆಹನಿಯಲ್ಲಿ ಯಾರೂ ಬರುವಂತಿಲ್ಲ, ಪ್ರಾಂಶುಪಾಲರಂತೂ ಬರಲೇಬಾರದು.

ನಗುವ ಹುಡುಗರಿಗೆ ಕಾಲೇಜಿನ ಹೊರಗೆ ಒಂದು ಜಾಗವಿತ್ತು. 1942ರಲ್ಲಿ ಡಾಕ್ಟರ್ ಎಂ. ಶಿವರಾಂ, ಅಂದರೆ ರಾಶಿ, ಬೆಂಗಳೂರಿನಲ್ಲಿ ‘ಕೊರವಂಜಿ’ ತೆಗೆದರು. ಮೈಸೂರಿನ ಮಹಾರಾಜಾ ಕಾಲೇಜಿನ ವಿದ್ಯಾರ್ಥಿ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದುಕೊಟ್ಟರು. ಮುಂದೆ ಮುಂಬೈಗೆ ಹೋಗಿ ‘ಶ್ರೀಸಾಮಾನ್ಯ’ನನ್ನು ಸೃಷ್ಟಿಸಿದವರು ಅವರೇ. ರೋಗಿಗಳನ್ನು ನೋಡುತ್ತಲೇ ರಾಶಿಯವರು ಇಪ್ಪತ್ತೈದು ವರ್ಷ ಪತ್ರಿಕೆಯನ್ನು ಎಳೆದರು, 1967ಕ್ಕೆ ನಿಲ್ಲಿಸಿದರು. 1983ರಲ್ಲಿ ‘ಅಪರಂಜಿ’ಯಾಗಿ ಅದು ಮತ್ತೆ ಕಣ್ಣು ಬಿಟ್ಟಿತು. ಹರ್ಸ್ಟ್ ಇರಲಿಲ್ಲ, ಗುಮ್ಮಟ ಇರಲಿಲ್ಲ. ಇದ್ದದ್ದು ಪತ್ರಿಕೆ ಒಂದೇ, ಅದನ್ನು ಜನ ಓದುತ್ತಿದ್ದರು. ಈ ಕೈಪಿಡಿಯ ಯಾವ ನಿಯಮಕ್ಕೂ ಹೊಂದದ ಕಾರಣ ಆ ಮಾದರಿಯ ಬಗ್ಗೆ ನಾವು ಸಲಹೆ ಕೊಡಲಾರೆವು.

ಸಾಮಾನ್ಯ ತೊಂದರೆಗಳು, ಪರಿಹಾರ

ಸಂಚಿಕೆ ಸಪ್ಪೆಯಾಗಿದೆ. — ಸಹಜ. ಕೋಟೆಗೆ ಸುಣ್ಣ ಹೊಡೆಸಿ.

ಹಳೆಯ ಸದಸ್ಯರು ಬಂದು ‘ನಮ್ಮ ಕಾಲದಲ್ಲಿ ಚೆನ್ನಾಗಿತ್ತು’ ಎನ್ನುತ್ತಾರೆ. — 1880ರಿಂದಲೂ ಹೇಳುತ್ತಿರಬೇಕು. ಊಟ ಹಾಕಿ, ಚೆಕ್‌ಬುಕ್ ತಂದಿದ್ದಾರೆಯೇ ನೋಡಿ.

ಹಕ್ಕಿ ಕಾಣುತ್ತಿಲ್ಲ. — ಮೊದಲು ಪ್ಲಿಂಪ್ಟನ್ ರಸ್ತೆಯಲ್ಲಿ ವಿಚಾರಿಸಿ, ಆಮೇಲೆ ರಾಯಭಾರ ಕಚೇರಿಗೆ ಹೋಗಿ.

ಶತ್ರುವಿನ ಜೊತೆ ಸ್ನೇಹಪೂರ್ವಕ ಪಂದ್ಯ ಆಡಬಹುದೆ? — ಆಡಬಹುದು, ಆದರೆ ಗೆಲ್ಲಲು ಬರುವುದಿಲ್ಲ. ಲ್ಯಾಂಪೂನ್ ಮತ್ತು ಕ್ರಿಮ್ಸನ್ ಯಾವ ಆಟ ಆಡಿದರೂ, ಎಂಥ ಮೈದಾನವಾದರೂ, ಯಾರು ಎಷ್ಟು ಸಲ ಗೋಲು ಹೊಡೆದರೂ, ಮರುದಿನದ ಕ್ರಿಮ್ಸನ್‌ನಲ್ಲಿ ಅಚ್ಚಾಗುವ ಫಲಿತಾಂಶ ಒಂದೇ: ಕ್ರಿಮ್ಸನ್‌ಗೆ ಜಯ, 23–2. ಆ ಎರಡು ಅಂಕ ಯಾವುದಕ್ಕೆ ಸಿಕ್ಕವು ಎಂದು ಅವರು ವಿವರ ಕೊಡುವುದಿಲ್ಲ. ಮೇಲ್ಮನವಿಗೆ ಅವಕಾಶವಿಲ್ಲ, ಯಾಕೆಂದರೆ ದಿನಪತ್ರಿಕೆ ಇರುವುದು ಅವರ ಬಳಿ; ನಿಮ್ಮ ಬಳಿ ಇರುವುದು ಮುಂದಿನ ಸಂಚಿಕೆ ಯಾವಾಗ ಬರುತ್ತದೋ ತಿಳಿಯದ ನಗೆಪತ್ರಿಕೆ.